ಅದೇ ಕ್ವಾರ್ಟ್ಜ್ ಪುಡಿ, ಎರಡು ವಾರ ಬಿಟ್ಟು ಎಲ್‌ಡಿಎಚ್ ಯಾಕೆ ಇಳೀತು?

ಪುಡಿ ಹಳೇದಾಗಿರೋದೇ ಕಾರಣ ಇರ್ಬೇಕು. ಮ್ಯಾಕ್ರೋಫೇಜ್ (ಧೂಳು, ಕ್ರಿಮಿ ನುಂಗೋ ರಕ್ಷಣಾ ಸೆಲ್ಸ್) ಮೇಲೆ ಅದೇ ಡಬ್ಬಿ, ಅದೇ ಡೋಸ್, ಆದ್ರೂ ಎಲ್‌ಡಿಎಚ್ (ಸೆಲ್ಸ್‌ಗೆ ಏಟಾದಾಗ ಹೊರಗೆ ಸೋರೋ ಎಂಜೈಮ್) ಅರ್ಧಕ್ಕೆ ಇಳೀತು ಅಂದ್ರಲ್ಲ, ನಂಗೂ ಹಿಂಗೇ ಆಗಿ ಸೆಲ್ಸೇ ಸರಿ ಇಲ್ಲ ಅಂತ ಒಂದು ತಿಂಗಳು ಒದ್ದಾಡಿದ್ದೆ. ಕ್ವಾರ್ಟ್ಜ್ ಒಡೆದಾಗ ಸಿಲಿಕಾನ್-ಆಕ್ಸಿಜನ್ ಬಂಧ ಮುರಿದು ಮೇಲ್ಮೈಲಿ ಫ್ರೀ ರ‍್ಯಾಡಿಕಲ್ಸ್ (ಸೆಲ್ಸ್‌ಗೆ ಏಟು ಕೊಡೋ ಚುರುಕು ರಾಸಾಯನಿಕ ತುಣುಕುಗಳು) ಹುಟ್ಕೊಳತ್ತೆ, ಗಾಳೀಲಿಟ್ರೆ ದಿನ ಕಳೆದಂಗೆ ಕಮ್ಮಿ ಆಗತ್ತೆ. ಅಮೆರಿಕದ ಮಾರ್ಗನ್‌ಟೌನ್‌ನಲ್ಲಿರೋ ನಯೋಷ್ (ಕೆಲಸಗಾರರ ಆರೋಗ್ಯ, ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆ) ಲ್ಯಾಬಿನ ವಲ್ಯತ್ತನ್, ಕ್ಯಾಸ್ಟ್ರನೋವಾ ಅವರ ತಂಡ 1988ರಲ್ಲಿ ಇದನ್ನ ತೋರಿಸ್ತು, 1995ರಲ್ಲಿ ಇಲಿಗಳಿಗೆ ಉಸಿರಿನ ಮೂಲಕವೇ ಕೊಟ್ಟು ನೋಡಿದ್ರು, ಆಗ್ಲೂ ಹೊಸದಾಗಿ ಅರೆದ ಪುಡಿಯಿಂದಲೇ ಶ್ವಾಸಕೋಶಕ್ಕೆ ಹೆಚ್ಚು ಏಟು. ಸ್ಯಾಂಡ್‌ಬ್ಲಾಸ್ಟಿಂಗ್ (ಮರಳನ್ನ ಜೋರಾಗಿ ಚಿಮ್ಮಿಸಿ ಮೇಲ್ಮೈ ಉಜ್ಜೋದು) ಮಾಡೋ ಕೆಲಸಗಾರರು ಉಸಿರಾಡೋದು ಇಂಥ ಹೊಸ ಧೂಳನ್ನೇ, ಅದಕ್ಕೇ ಇದನ್ನ ಬರೀ ಲ್ಯಾಬ್ ತೊಂದ್ರೆ ಅಂತ ಬಿಡ್ಬೇಡಿ.

ಹಳೇ ಪುಡಿ ಎಸೀಬೇಡಿ, ಅದೇ ನಿಮ್ಮ ಕಂಟ್ರೋಲ್. ಅದರಲ್ಲೇ ಸ್ವಲ್ಪ ತಗೊಂಡು ಗಾಳಿ ಎಳೆಯೋ ಹುಡ್ ಒಳಗೆ ಅಗೇಟ್ ಕಲ್ಲಿನ ಕುಟ್ಟಾಣೀಲಿ ಅರೀರಿ, ಅಂಚಿಗೆ ಬೂದಿ ಥರ ಅಂಟಿಕೊಳ್ಳೋ ಬಿಳಿ ಪುಡೀನ ಒದ್ದೆ ಬಟ್ಟೇಲಿ ಒರೆಸಿ, ಊದಬೇಡಿ, ಗುಡಿಸಬೇಡಿ. ಅರೆದ ಟೈಮ್ ಬರ್ಕೊಳ್ಳಿ. ಅರೆದ್ರೆ ಕಣದ ಸೈಜೂ ಸಣ್ಣ ಆಗತ್ತೆ, ಸೈಜ್ ಅಳೀದೆ ಹೋಲಿಸಿದ್ರೆ ಅರ್ಥ ಇಲ್ಲ. ಪುಡೀನ ಪಿಬಿಎಸ್‌ಗೆ (ಸೆಲ್ಸ್‌ಗೆ ಬಳಸೋ ಉಪ್ಪಿನ ದ್ರಾವಣ) ಕೊನೇ ನಿಮಿಷದಲ್ಲಿ ಹಾಕಿ, ಎರಡನ್ನೂ ಒಂದೇ ದಿನ ಒಂದೇ ಪ್ಲೇಟಲ್ಲಿ ಓಡಿಸಿ. ಹೊಸದು ಮಾತ್ರ ಏರಿದ್ರೆ ಉತ್ತರ ಸಿಕ್ತು. ಎರಡೂ ಒಂದೇ ಥರ ಬಂದ್ರೆ ನಾನು ಹೇಳಿದ್ದು ತಪ್ಪಿರಬಹುದು, ಆಗ ಪುಡಿಗೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಟೆಸ್ಟ್ ಮಾಡಿಸಿ, ಸೆಲ್ಸ್ ಪ್ಯಾಸೇಜ್ ನಂಬರೂ (ಎಷ್ಟು ಸಲ ಹೊಸ ಪಾತ್ರೆಗೆ ಬದಲಿಸಿ ಬೆಳೆಸಿದೀರಿ ಅನ್ನೋ ಲೆಕ್ಕ) ನೋಡಿ.