ರೆಡ್‌ವುಡ್ ಕಾಡಿನ ಫಾಕ್ ಊರು

ಪ್ರಶ್ನೆ: ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ಫಾಕ್ ಎಂಬ ಊರಿತ್ತಂತೆ. ಅದೇನಾಯಿತು? ಅಷ್ಟು ದಪ್ಪ ಮರಗಳನ್ನು ಆಗ ಹೇಗೆ ಉರುಳಿಸುತ್ತಿದ್ದರು?
– ಓದುಗರು, ಶಿರಸಿ

ಉತ್ತರ: ಯುರೇಕಾ ಪಟ್ಟಣದ ದಕ್ಷಿಣಕ್ಕೆ, ಎಲ್ಕ್ ನದಿಯ ದಂಡೆಯಲ್ಲಿದ್ದ ಕಂಪನಿ ಊರು (ಕಂಪನಿಯೇ ತನ್ನ ಕೆಲಸಗಾರರಿಗಾಗಿ ಕಟ್ಟಿ ನಡೆಸುವ ಊರು) ಅದು. 1884ರಲ್ಲಿ ನೋವಾ ಫಾಕ್ ಶುರುಮಾಡಿದ ಮರದ ಮಿಲ್ಲಿನ ಸುತ್ತ ಬೆಳೆಯಿತು. ಜೋರಾಗಿದ್ದ ಕಾಲಕ್ಕೆ ಸುಮಾರು 400 ಜನ; ಶಾಲೆ, ಅಂಚೆ ಕಚೇರಿ, ಕೆಲಸಗಾರರಿಗೆ ಊಟದ ಮನೆ ಎಲ್ಲ ಇದ್ದವು.

ಇನ್ನು ಮರ ಕಡಿಯುವ ವಿಚಾರ. ರೆಡ್‌ವುಡ್ಡಿನ ಬುಡ ಬಹಳ ಉಬ್ಬಿರುತ್ತದೆ. ಅಲ್ಲೇ ಕೊಯ್ದರೆ ಕೆಲಸ ದುಪ್ಪಟ್ಟು. ಆದ್ದರಿಂದ ಕಾಂಡಕ್ಕೆ ಕಚ್ಚು ಹೊಡೆದು, ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು ಕಡಿಯುತ್ತಿದ್ದರು. ಬೀಳಬೇಕಾದ ಕಡೆ ಕೊಡಲಿಯಿಂದ ದೊಡ್ಡ ಬಾಯಿ ತೆಗೆಯುವುದು, ಹಿಂಬದಿಯಿಂದ ಇಬ್ಬರು ಗರಗಸ ಎಳೆಯುವುದು, ಗರಗಸ ಸಿಕ್ಕಿಕೊಳ್ಳದಂತೆ ಬೆಣೆ ಬಡಿಯುವುದು. ನಿಜವಾದ ಫಜೀತಿ ಬೀಳುವಾಗ! ಈ ಮರ ಪೆಡಸು. ಬಂಡೆಯ ಮೇಲೋ ದಿಣ್ಣೆಯ ಮೇಲೋ ಬಿದ್ದರೆ ಚೂರುಚೂರು. ಅದಕ್ಕೇ ಮೊದಲೇ ನೆಲ ಸಮಮಾಡಿ ಕೊಂಬೆ, ಮಣ್ಣಿನ ಹಾಸಿಗೆ ಹಾಕುತ್ತಿದ್ದರು. ತೊಗಟೆ ಸುಲಿದು ತುಂಡರಿಸಿದ ದಿಮ್ಮಿಗಳನ್ನು ಮೊದಲು ಎತ್ತುಗಳು ಎಳೆದವು. 1881ರಲ್ಲಿ ಯುರೇಕಾದ ಜಾನ್ ಡಾಲ್ಬೀರ್ ದಿಮ್ಮಿಗಳನ್ನು ಹಗ್ಗ ಸುತ್ತಿ ಎಳೆಯುವ ಉಗಿಯಂತ್ರದ ರಾಟೆ ಕಂಡುಹಿಡಿದ ಮೇಲೆ ಎತ್ತಿನ ಕೆಲಸ ಕ್ರಮೇಣ ತಪ್ಪಿತು.

ಮಹಾ ಆರ್ಥಿಕ ಕುಸಿತದಲ್ಲಿ, 1937ಕ್ಕೆ ಮಿಲ್ ಮುಚ್ಚಿತು, ಜನ ಚದುರಿದರು. ಉಳಿದ ಕಟ್ಟಡಗಳನ್ನು 1979ರಲ್ಲಿ ಕೆಡವಿದರು. 1999ರಿಂದ ಆ ಜಾಗ ಹೆಡ್‌ವಾಟರ್ಸ್ ರಕ್ಷಿತಾರಣ್ಯಕ್ಕೆ ಸೇರಿದೆ. ಅಲ್ಲಿ ನಡೆಯುವವರು ಹಳೆಯ ಬೊಡ್ಡೆಗಳಲ್ಲಿ ಹಲಗೆ ಸಿಕ್ಕಿಸಿದ ಕಚ್ಚುಗಳನ್ನು ಹುಡುಕಲಿ.