ಡಲ್ಲಾಸ್‌ನಲ್ಲಿ ಒಂದು ಅಂಕದ ಸೋಲು

ಪ್ರಶ್ನೆ: 2024ರ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಹಂತದ ನಂತರದ ನಾಕೌಟ್ ಸುತ್ತಿನಲ್ಲಿ, ಒಕ್ಲಹೋಮ ಸಿಟಿ ಥಂಡರ್ ತಂಡ ಡಲ್ಲಾಸ್ ಮಾವೆರಿಕ್ಸ್ ವಿರುದ್ಧದ ಏಳು ಪಂದ್ಯಗಳ ಸರಣಿಯ ಆರನೇ ಪಂದ್ಯವನ್ನು 116–117ರಿಂದ ಸೋತು ಹೊರಬಿದ್ದದ್ದು ಅಭಿಮಾನಿಯಾದ ನನಗೆ ಇಂದಿಗೂ ಮರೆಯಲಾಗುತ್ತಿಲ್ಲ. 2.5 ಸೆಕೆಂಡ್ ಉಳಿದಿದ್ದಾಗ ಥಂಡರ್‌ನ ಶೇಯ್ ಗಿಲ್ಜಸ್-ಅಲೆಕ್ಸಾಂಡರ್ ಮಾಡಿದ ಫೌಲೇ ಸೋಲಿಗೆ ಕಾರಣವೇ? ಎಳೆಯ ತಂಡಕ್ಕೆ ಎದುರಾಳಿಯ ಅಂಗಣದ ಒತ್ತಡ ತಾಳಲಾಗಲಿಲ್ಲವೇ? ಆ ಫೌಲಿನ ತೀರ್ಪನ್ನು ಮರುಪರಿಶೀಲಿಸುವಂತೆ ಪಂದ್ಯದ ನಡುವೆಯೇ ಮೇಲ್ಮನವಿ ಸಲ್ಲಿಸಿದ್ದು ಸರಿಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಥಂಡರ್ ತಂಡವನ್ನು ಮೆಚ್ಚಿಕೊಂಡವರಿಗೆಲ್ಲ ಆ ಭಾನುವಾರದ ಬೆಳಗು ಕಹಿಯಾಗಿಯೇ ಉಳಿದಿದೆ. ಹಾಗೆಂದು ಇಡೀ ಸೋಲನ್ನು ಒಂದು ಫೌಲಿನ ಮೇಲೆ ಹೊರಿಸುವುದು ಅನ್ಯಾಯ. ಮೂಲೆಯಿಂದ ಮೂರು ಅಂಕದ ಎಸೆತಕ್ಕೆ ಮುಂದಾಗಿದ್ದ ಡಲ್ಲಾಸ್‌ನ ಪಿ.ಜೆ. ವಾಷಿಂಗ್ಟನ್ ಅವರ ಕೈಗೆ ಶೇಯ್ ಅವರ ಕೈ ತಾಗಿತು. ಹಾಗಾಗಬಾರದಿತ್ತು ಎಂದು ಅವರೇ ಪಂದ್ಯದ ಬಳಿಕ ಒಪ್ಪಿಕೊಂಡರು. ಆದರೆ ಅವರು ಅಂದು 36 ಅಂಕ ಗಳಿಸಿರದಿದ್ದರೆ ಪಂದ್ಯ ಕೊನೆಯ ಕ್ಷಣದವರೆಗೆ ಬರುತ್ತಲೇ ಇರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು, ಮೂರನೇ ಕ್ವಾರ್ಟರ್‌ನಲ್ಲಿ ಕೈಯಲ್ಲಿದ್ದ 17 ಅಂಕಗಳ ಮುನ್ನಡೆ ಕರಗಿಹೋದ ರೀತಿ.

ಎಳೆತನದ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎನ್‌ಬಿಎ ಇತಿಹಾಸದಲ್ಲಿ ಅಗ್ರ ಶ್ರೇಯಾಂಕ ಪಡೆದ ತಂಡಗಳಲ್ಲೇ ಅತ್ಯಂತ ಕಿರಿಯ ತಂಡ ಅದಾಗಿತ್ತು, ನಿಜ. ಚೆಟ್ ಹೋಮ್‌ಗ್ರೆನ್‌ಗೆ ಅದು ಅಂಗಣಕ್ಕಿಳಿದ ಮೊದಲ ಋತು, ಜೇಲನ್ ವಿಲಿಯಮ್ಸ್‌ಗೆ ಎರಡನೆಯದು. ಆದರೆ ಇದೇ ಹುಡುಗರು ಇದೇ ಡಲ್ಲಾಸ್‌ನಲ್ಲಿ ನಾಲ್ಕನೇ ಪಂದ್ಯವನ್ನು 100–96ರಿಂದ ಗೆದ್ದಿದ್ದರು. ಅವರು ಎಡವಿದ್ದು ತವರಿನಲ್ಲಿ: ಎರಡನೇ ಮತ್ತು ಐದನೇ ಪಂದ್ಯಗಳನ್ನು ತಮ್ಮ ಅಭಿಮಾನಿಗಳ ಕಣ್ಣೆದುರೇ ಕಳೆದುಕೊಂಡಿದ್ದರಿಂದಲೇ ಆರನೆಯದು ಅಳಿವು-ಉಳಿವಿನ ಪಂದ್ಯವಾಯಿತು. ಲೀಗ್ ಹಂತದಲ್ಲಿ 57 ಪಂದ್ಯ ಗೆದ್ದು ಸಂಪಾದಿಸಿದ ತವರಿನ ಅನುಕೂಲ ಹೀಗೆ ಕೈಜಾರಿದ್ದಕ್ಕೆ ಡಲ್ಲಾಸ್‌ನ ಗದ್ದಲವನ್ನು ದೂರುವಂತಿಲ್ಲ.

ಇನ್ನೊಂದು ಕಾರಣ ಬುಟ್ಟಿಯ ಕೆಳಗಿತ್ತು. ಹೋಮ್‌ಗ್ರೆನ್ ಎತ್ತರದ ಆಟಗಾರರಾದರೂ ತೆಳು ಮೈಕಟ್ಟಿನವರು. ಅವರಿಗೆ ಜೊತೆಯಾಗಿ ನಿಲ್ಲಬಲ್ಲ ಗಟ್ಟಿಮುಟ್ಟಾದ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ತಂಡದಲ್ಲಿರಲಿಲ್ಲ. ಡಲ್ಲಾಸ್‌ನ ಡೆರೆಕ್ ಲೈವ್ಲಿ, ಡೇನಿಯಲ್ ಗ್ಯಾಫರ್ಡ್ ಅವರಂಥವರು ರೀಬೌಂಡ್‌ಗೆ (ಗುರಿ ತಪ್ಪಿ ಹೊರಬಂದ ಚೆಂಡನ್ನು ಹಿಡಿಯಲು) ನುಗ್ಗಿದಾಗ ಈ ಕೊರತೆ ಎದ್ದು ಕಾಣುತ್ತಿತ್ತು. ಆಡಳಿತಕ್ಕೂ ಅದು ಕಂಡಿರಬೇಕು. ಅದೇ ಬೇಸಿಗೆಯಲ್ಲಿ ಐಸಯಾ ಹಾರ್ಟೆನ್‌ಸ್ಟೈನ್ ಬಂದರು, ಜಾಶ್ ಗಿಡ್ಡಿಯನ್ನು ಷಿಕಾಗೊಗೆ ಕೊಟ್ಟು ಅಲೆಕ್ಸ್ ಕರೂಸೊ ಅವರನ್ನು ತರಲಾಯಿತು, ಮುಂದಿನ ಋತುವಿನಲ್ಲಿ 68 ಪಂದ್ಯ ಗೆದ್ದ ತಂಡ 2025ರ ಪ್ರಶಸ್ತಿಯನ್ನೂ ಎತ್ತಿತು. ವಯಸ್ಸು ಆಗಲೂ ಚಿಕ್ಕದೇ ಇತ್ತು.

ತರಬೇತುದಾರ ಮಾರ್ಕ್ ಡೈನಾಲ್ಟ್ ಮೇಲ್ಮನವಿ ಸಲ್ಲಿಸಿದ್ದು ನನ್ನ ದೃಷ್ಟಿಯಲ್ಲಿ ಸರಿಯೇ. ಅದು ವಿಫಲವಾದರೆ ಒಂದು ಟೈಮ್‌ಔಟ್ (ಆಟ ನಿಲ್ಲಿಸಿ ಸಮಾಲೋಚಿಸುವ ಅವಕಾಶ) ಹೋಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಆದರೆ ಒಂದು ಅಂಕದಿಂದ ಮುಂದಿರುವಾಗ ಎದುರಾಳಿಗೆ ಮೂರು ಫ್ರೀಥ್ರೋ (ಯಾರ ಅಡ್ಡಿಯೂ ಇಲ್ಲದ, ತಲಾ ಒಂದು ಅಂಕದ ಎಸೆತ) ದಕ್ಕುವುದನ್ನು ತಡೆಯಲು ಬೇರೆ ದಾರಿಯೇ ಇರಲಿಲ್ಲ. ತೀರ್ಪು ಬದಲಾಗಲಿಲ್ಲ. ವಾಷಿಂಗ್ಟನ್ ಮೊದಲೆರಡನ್ನು ಬುಟ್ಟಿಗೆ ಹಾಕಿ ಮೂರನೆಯದನ್ನು ಬೇಕೆಂದೇ ತಪ್ಪಿಸಿದರು. ಚೆಂಡು ರಿಂಗಿಗೆ ಬಡಿದು ಹೊರಬಂದು ಆಟಗಾರನ ಕೈ ಸೋಕಿದೊಡನೆ ಗಡಿಯಾರ ಓಡತೊಡಗುವುದರಿಂದ, ಅಂಗಣದ ಆ ತುದಿಯಿಂದ ಗುರಿಯಿಟ್ಟು ಎಸೆಯಲು ಥಂಡರ್‌ಗೆ ಸಮಯವೇ ಸಿಗಲಿಲ್ಲ.