ಹಳೆಯ ಮನೆ ಕೆಡವಿದ ಡೆಬ್ರಿಸ್ ಅನ್ನೆಲ್ಲ ಹೊಸ ಮನೆಯ ಪಾಯಕ್ಕೇ ತುಂಬಿಸಬಹುದೇ?

ಯಲಹಂಕದಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಹೊರಟ ನೀವು ಹೀಗೆ ಕೇಳಿದ್ದೀರಿ; ಎಲ್ಲವನ್ನೂ ಅಲ್ಲೇ ಬಳಸಿದರೆ ಮರುಬಳಕೆ ಆಗುತ್ತದಲ್ಲವೇ ಎಂದೂ ಬರೆದಿದ್ದೀರಿ. ಬೆಂಗಳೂರಿನ ಹನುಮಂತನಗರದ ನಮ್ಮ ಹಳೆಯ ಮನೆಯನ್ನು ಕೆಡವುವಾಗ ನಾನೂ ಇದನ್ನೇ ಕೇಳಿದ್ದೆ. "ಬೇರೆ ಮಣ್ಣು ಯಾಕೆ ತರಿಸುತ್ತೀರಿ ಸಾರ್, ಮನೆಯದು ಮನೆಗೇ ಆಗುತ್ತದೆ" ಎಂದರು ಮೇಸ್ತ್ರಿ. ಸಾಗಿಸುವ ಖರ್ಚಿಲ್ಲ, ಮಣ್ಣು ತರಿಸುವ ಖರ್ಚಿಲ್ಲ, ಮೇಲಾಗಿ ಪರಿಸರ ಉಳಿಸಿದೆ ಎಂಬ ಬಿಂಕ ಬೇರೆ.

ಮನೆಯ ಮುಂಭಾಗ ಆರ್‌ಸಿಸಿ ತಾರಸಿ; ಹಿಂದಿನ ಅಡುಗೆಮನೆ, ಬಚ್ಚಲಿಗೆ ಮಂಗಳೂರು ಹೆಂಚು. ಜೆಸಿಬಿ ಬಂದದ್ದೇ ತಡ, ಹೆಂಚು, ಹೆಂಚಿನಡಿಯ ಮರದ ಪಟ್ಟಿಗಳಾದ ರೀಪರು, ಇಟ್ಟಿಗೆ, ಹಾಲ್‌ನ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗು ಎಲ್ಲ ಸೇರಿ ಒಂದೇ ಗುಡ್ಡೆಯಾಯಿತು. ಗುಜರಿಯವರು ಕಬ್ಬಿಣ ಆರಿಸಿಕೊಂಡು ಹೋದರು. ಉಳಿದದ್ದನ್ನು ಹೊಸ ಪಾಯದ ಗೋಡೆಗಳ ನಡುವೆ ಸುರಿದು, ನೀರು ಬಿಟ್ಟು, ಮೇಲೆ ಬೆಡ್ ಕಾಂಕ್ರೀಟ್ ಹಾಕಿದರು.

ನನಗೆ ಏಟು ಬಿದ್ದದ್ದು ಇಲ್ಲಿ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಆ ಗುಡ್ಡೆಯಲ್ಲಿ ರೀಪರಿನ ಚೂರುಗಳಿದ್ದವು. ಮರದ ಚೂರನ್ನು ತೇವದ ಮಣ್ಣಿನಲ್ಲಿ ಹೂತರೆ ಗೆದ್ದಲನ್ನು ಊಟಕ್ಕೆ ಕರೆದಂತೆಯೇ. ಒಳಗಿನ ಮರ ಮುಗಿದ ಮೇಲೆ ಅದು ಗೋಡೆ ಮತ್ತು ನೆಲ ಸೇರುವ ಸಂದಿಯಿಂದ ಮೇಲೆ ಹತ್ತುತ್ತದೆ. ನಮ್ಮಲ್ಲಿ ಹತ್ತಿದ್ದು ದೇವರ ಕೋಣೆಯ ಹೊಸ ತೇಗದ ಚೌಕಟ್ಟಿಗೆ. ಬುಡದಲ್ಲಿ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ ಕಂಡು ಹೆಬ್ಬೆರಳಿನಿಂದ ಒತ್ತಿದೆ. ಪಾಲಿಶ್ ಹಾಗೇ ಮಿರುಗುತ್ತಿತ್ತು, ಬೆರಳು ಮಾತ್ರ ಒಳಗೇ ಹೋಯಿತು. ಇನ್ನೊಂದು ಕಡೆ, ದೊಡ್ಡ ಕಾಂಕ್ರೀಟ್ ತುಂಡುಗಳ ನಡುವೆ ಉಳಿದ ಪೊಳ್ಳಿಗೆ ಮಣ್ಣು ಇಳಿದು ಹಾಲ್‌ನ ಮೂಲೆಯ ನೆಲ ಕುಸಿಯಿತು. ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡಿ (ಬಡಿದು ಗಟ್ಟಿಗೊಳಿಸಿ) ಇದ್ದಿದ್ದರೆ ಇದೊಂದಾದರೂ ತಪ್ಪುತ್ತಿತ್ತು. ಸಾಲದ್ದಕ್ಕೆ ಪಿಒಪಿ. ಅದು ಜಿಪ್ಸಮ್, ಅದರ ಸಲ್ಫೇಟ್ ತೇವ ಸಿಕ್ಕರೆ ಸಿಮೆಂಟಿನೊಡನೆ ವರ್ತಿಸಿ ಕಾಂಕ್ರೀಟನ್ನು ಉಬ್ಬಿಸಿ ಬಿರುಕು ಬಿಡಿಸಬಲ್ಲದು. ಗೋಡೆಯ ಬುಡದುದ್ದಕ್ಕೂ ನೆಲ ಕೊರೆಸಿ ಔಷಧಿ ಹಾಕಿಸಿ, ಮೂಲೆಯ ಟೈಲ್ಸ್ ಕಿತ್ತು ಮತ್ತೆ ಹಾಕಿಸುವ ಹೊತ್ತಿಗೆ ಉಳಿಸಿದ ದುಡ್ಡಿನ ಹಲವು ಪಟ್ಟು ಕೈಬಿಟ್ಟಿತ್ತು.

ಆದ್ದರಿಂದ "ಎಲ್ಲವನ್ನೂ ಅಲ್ಲೇ ಬಳಸಿದರೆ ಮರುಬಳಕೆ ಆಗುತ್ತದಲ್ಲವೇ" ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಣ್ಣಿಗೆ ಕಾಣದ ಹಾಗೆ ಹೂತಿಟ್ಟದ್ದಕ್ಕೆ ಆ ಹೆಸರು ಸಲ್ಲದು. ಉಳಿಸಿಕೊಳ್ಳುವುದನ್ನು ಜೆಸಿಬಿ ಬರುವ ಮೊದಲೇ ಕೈಯಲ್ಲಿ ಬಿಚ್ಚಿಸಬೇಕು: ಬಾಗಿಲು, ಚೌಕಟ್ಟು, ಕಿಟಕಿಯ ಸರಳು, ಕಡಪ ಕಲ್ಲು, ಹೆಂಚು. ಸುಣ್ಣದ ಗಾರೆಯ ಗೋಡೆಯಾಗಿದ್ದರೆ ನಿಮ್ಮ ಅದೃಷ್ಟ. ಕರಣೆಯಿಂದ ತಟ್ಟಿದರೆ ಗಾರೆ ಉದುರಿ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದಾದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ, ಅದರ ಮೇಲೆ ಕೂಲಿ ಸುರಿಯಬೇಡಿ. ಪಿಒಪಿಯನ್ನು ಮೊದಲೇ ಕೆಡವಿಸಿ ಚೀಲಕ್ಕೆ ತುಂಬಿಸಿ.

ಕಾಂಕ್ರೀಟ್ ಮತ್ತು ಒಡೆದ ಇಟ್ಟಿಗೆ ಮರುಬಳಕೆ ಘಟಕಕ್ಕೆ ಹೋಗಲಿ. ನಿಮ್ಮದು ಯಲಹಂಕ ಎಂದಿದ್ದೀರಿ, ಚಿಕ್ಕಜಾಲದ ಘಟಕ ದೂರವಲ್ಲ. ಅಲ್ಲಿ ಪುಡಿ ಮಾಡಿ, ಕಬ್ಬಿಣ ತೆಗೆದು, ಜರಡಿ ಹಿಡಿದು ಜಲ್ಲಿ, ಮರಳು ಮಾಡುತ್ತಾರೆ. ಇಂಥ ಜಲ್ಲಿ ಕಳಪೆ ಎಂದು ಎಂಜಿನಿಯರ್ ಮೂಗು ಮುರಿದರೆ ಜಲ್ಲಿ, ಮರಳಿನ ಭಾರತೀಯ ಮಾನದಂಡವಾದ ಐಎಸ್ 383 ತೋರಿಸಿ. 2016ರ ಆ ಪರಿಷ್ಕೃತ ಮಾನದಂಡದಲ್ಲಿ ಹಳೆಯ ಕಾಂಕ್ರೀಟಿನಿಂದ ತೆಗೆದ ಜಲ್ಲಿಯನ್ನು ಎಂ25 (ಕಾಂಕ್ರೀಟಿನ ಬಲದ ಒಂದು ದರ್ಜೆ) ವರೆಗಿನ ಆರ್‌ಸಿಸಿಗೆ ಶೇ 20ರಷ್ಟು, ಸರಳಿಲ್ಲದ ಕಾಂಕ್ರೀಟಿಗೆ ಶೇ 25ರಷ್ಟು ಬಳಸಲು ಅವಕಾಶವಿದೆ.

"ನಮ್ಮದು ಸಣ್ಣ ಸೈಟು, ನಿಯಮ ನಮಗಲ್ಲ" ಎನ್ನುವವರ ಮಾತು ಕೇಳಬೇಡಿ. ಕಾಂಕ್ರೀಟ್, ಮಣ್ಣು, ಇಟ್ಟಿಗೆ-ಗಾರೆ ಎಂದು ವಿಂಗಡಿಸಿ ಯೋಜನೆ ಸಲ್ಲಿಸಬೇಕೆಂದು ಹಿಂದಿನ, 2016ರ ಕಟ್ಟಡ ತ್ಯಾಜ್ಯ ನಿಯಮಗಳು ಹೇಳಿದ್ದು ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಗೆ ತಿಂಗಳಿಗೆ 300 ಟನ್ ಮೀರಿದವರಿಗೆ, ನಿಜ. ರಸ್ತೆಗೆ, ಚರಂಡಿಗೆ ಸುರಿಯಬಾರದೆಂಬುದು ಮಾತ್ರ ಎಲ್ಲರಿಗೂ ಅನ್ವಯ. ರಾತ್ರಿ ಹೊರಟ ಟಿಪ್ಪರ್ ಯಾವ ಕೆರೆಯಂಗಳದಲ್ಲಿ ಬರಿದಾಗುತ್ತದೋ ನಿಮಗೆ ತಿಳಿಯುವುದಿಲ್ಲ. ಕೆಡವುವವರಿಗೆ ಕೊನೆಯ ಕಂತನ್ನು ಘಟಕದ ತೂಕದ ಚೀಟಿ ನಿಮ್ಮ ಕೈಗೆ ಬಂದ ಮೇಲೆಯೇ ಕೊಡಿ.